ಕಲಿಯುವವರ ಬರಹಕ್ಕೂ ಒಂದು ವಹಿ ಇರಲಿ

(ಗ್ರಾಮ ಪಂಚಾಯಿತಿ ಸದಸ್ಯರ ಇ-ಕಲಿಕೆ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಗ್ರಾಮ ಸಭೆಯಲ್ಲಿ ಆಡಿದ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗದಿದ್ದರೆ ಮುಂದಿನ ಸಭೆಯಲ್ಲಿ ಅದಕ್ಕೆ ಆಧಾರವಿರುವುದಿಲ್ಲ ಎಂಬುದು ತಮಗೆಲ್ಲ ತಿಳಿದ ಸಂಗತಿ. ಕಂಪ್ಯೂಟರಿನ ಮೂಲಕ ನಡೆಯುವ ತರಬೇತಿಗೂ ಇದೇ ಮಾತು ಅನ್ವಯಿಸುತ್ತದೆ.

ಹಿಂದೆ ನಾನು ಪಾಲ್ಗೊಂಡಿದ್ದ ಒಂದು ತರಬೇತಿಯಲ್ಲಿ ವಾರ್ಡಿನ ಕುಡಿಯುವ ನೀರಿನ ಸ್ಥಿತಿಯನ್ನು ವಿವರಿಸುವಂತೆ ಕೇಳಲಾಗಿತ್ತು. ಯಾವ ಕೊಳವೆಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ಓಣಿಗೆ ನೀರು ಏರುವುದಿಲ್ಲ ಎಂಬುದನ್ನು ಸದಸ್ಯೆಯೊಬ್ಬರು ಒಂದು ಗಂಟೆ ಕುಳಿತು ಬರೆದರು. ಮರುದಿನ ಪಾಠವನ್ನು ತೆರೆದಾಗ ಉತ್ತರದ ಚೌಕ ಬರಿದಾಗಿತ್ತು; 'ಪಾಠ ಪೂರ್ಣಗೊಂಡಿದೆ' ಎಂಬ ಗುರುತು ಮಾತ್ರ ಉಳಿದಿತ್ತು. ತಪ್ಪು ಅವರದಾಗಿರಲಿಲ್ಲ. ಬರಹವನ್ನು ಉಳಿಸುವ ಏರ್ಪಾಡೇ ಆ ಪಾಠದಲ್ಲಿರಲಿಲ್ಲ.

ಪರದೆಯ ಮೇಲೆ ನಾವು ಬರೆಯುವುದು ಮೊದಲು ಬ್ರೌಸರಿನಲ್ಲಿ ಮಾತ್ರ ಇರುತ್ತದೆ. ಅದು ಸ್ಲೇಟಿನ ಮೇಲಿನ ಬರಹದಂತೆ. ಪುಟ ಮುಚ್ಚಿದರೆ ಅಳಿಯುತ್ತದೆ. ಅದೇ ಯಂತ್ರದ ಬ್ರೌಸರಿನಲ್ಲಿ ಉಳಿಸಿಡುವ ಕ್ರಮವೂ ಉಂಟು. ಆದರೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹೀಗೆ ಉಳಿಸಿದರೆ ಅದು ತಮ್ಮ ಮೊಬೈಲಿಗೆ ಬಾರದು. ನಂತರ ಬಂದು ಕೂರುವವರ ಕಣ್ಣಿಗೆ ಬೀಳಬಹುದು.

ಇ-ಕಲಿಕೆಯ ಪಾಠಗಳಿಗೆ 'ಸ್ಕಾರ್ಮ್' ಎಂಬ ಮಾನದಂಡವಿದೆ. ಅದರ 2001ರ 1.2 ಆವೃತ್ತಿ ಇಂದಿಗೂ ಬಳಕೆಯಲ್ಲಿದೆ. ಕಲಿಯುವವರು ಪಾಠವನ್ನು ನಿಲ್ಲಿಸಿದ ಸ್ಥಿತಿಯನ್ನು ಕಾಯ್ದಿಡಲು ಅದರಲ್ಲಿ ನಿಗದಿಯಾದ ಜಾಗ 4,096 ಸಂಕೇತಗಳಷ್ಟು. ಕನ್ನಡಕ್ಕೆ ಇದು ಬಲು ಇಕ್ಕಟ್ಟು. 'ಪಂಚಾಯಿತಿ' ಎಂಬ ಪದವು ಕಂಪ್ಯೂಟರಿಗೆ 8 ಸಂಕೇತಗಳು. ಕೆಲವು ಪಾಠಗಳು ಬರಹವನ್ನು ಅಂತರ್ಜಾಲ ವಿಳಾಸದ ಶೈಲಿಗೆ ಪರಿವರ್ತಿಸಿ ಕಳುಹಿಸುತ್ತವೆ. ಆಗ ಪ್ರತಿಯೊಂದು ಕನ್ನಡ ಸಂಕೇತವೂ 9 ಆಗುತ್ತದೆ, ಆ ಒಂದು ಪದವೇ 72 ಆಗುತ್ತದೆ. ಅಂತಹ 56 ಪದಗಳಿಗೆ ಜಾಗ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಬರೆದವರ ಉತ್ತರ ಉಳಿದು ಕನ್ನಡದಲ್ಲಿ ಬರೆದವರದು ಕತ್ತರಿಸಿ ಹೋಗುವ ಅನ್ಯಾಯ ಹೀಗೆ ಉಂಟಾಗುತ್ತದೆ.

ಇದಕ್ಕೆ ಪರಿಹಾರವೆಂದರೆ ಪಾಠದೊಂದಿಗೆ ಸರ್ವರಿನಲ್ಲಿ ನಡೆಯುವ ಒಂದು ಸ್ಕ್ರಿಪ್ಟನ್ನು ಜೋಡಿಸುವುದು. ಅದರ ಕೆಲಸ ಕಚೇರಿಯ ಆವಕ ವಹಿಯ ಗುಮಾಸ್ತರ ಕೆಲಸದಂತೆಯೇ: ಉತ್ತರವನ್ನು ಪಡೆಯುವುದು, ಪರಿಶೀಲಿಸುವುದು, ಬರೆದವರ ಗುರುತು, ಪ್ರಶ್ನೆಯ ಸಂಖ್ಯೆ ಮತ್ತು ವೇಳೆಯೊಂದಿಗೆ ಡೇಟಾಬೇಸಿನಲ್ಲಿ ದಾಖಲಿಸುವುದು, ಕೊನೆಗೆ ಸ್ವೀಕೃತಿ ನೀಡುವುದು. ಪಾಠದ ಜಿಪ್ ಕಡತದೊಳಗೆ ಸ್ಕ್ರಿಪ್ಟನ್ನು ತುರುಕಿದ ಮಾತ್ರಕ್ಕೆ ಇದು ಸಾಧ್ಯವಾಗದು. ಮೂಡಲ್‌ನಂತಹ ಕಲಿಕಾ ವ್ಯವಸ್ಥೆಗಳು ಪಾಠದ ಕಡತಗಳನ್ನು ತೋರಿಸುತ್ತವೆಯೇ ಹೊರತು ಅವುಗಳೊಳಗಿನ ಪಿ.ಎಚ್.ಪಿ. ಸ್ಕ್ರಿಪ್ಟನ್ನು ನಡೆಸುವುದಿಲ್ಲ. ಸ್ಕ್ರಿಪ್ಟನ್ನು ಸರ್ವರಿನಲ್ಲಿ ಪ್ರತ್ಯೇಕವಾಗಿ ಸ್ಥಾಪಿಸಬೇಕು. ಪಾಠದ ಪುಟವು ಉತ್ತರವನ್ನು ಅದಕ್ಕೆ ಕಳುಹಿಸಬೇಕು.

ತಂತ್ರಜ್ಞರಿಗೆ ವಹಿಸುವಾಗ ನಾಲ್ಕು ಷರತ್ತುಗಳನ್ನು ಲಿಖಿತವಾಗಿ ವಿಧಿಸುವುದು ಸೂಕ್ತ. ಒಂದು, ಡೇಟಾಬೇಸು ಯೂನಿಕೋಡ್ ಬರಹವನ್ನು ಸ್ವೀಕರಿಸುವಂತಿರಬೇಕು. ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಎರಡು, ಪುಟದಿಂದ ಬಂದ ಹೆಸರನ್ನು ನಂಬದೆ ಲಾಗಿನ್ ಆಗಿರುವವರು ಯಾರೆಂಬುದನ್ನು ಸರ್ವರೇ ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಬರೆಯಬಹುದು. ಮೂರು, ಉತ್ತರದ ಚೌಕದಲ್ಲಿ ಯಾರಾದರೂ ಡೇಟಾಬೇಸಿನ ಆಜ್ಞೆಯನ್ನು ಬರೆದು ಕಳುಹಿಸಿದರೆ ಅದು ಬರಿಯ ಬರಹವಾಗಿ ದಾಖಲಾಗಬೇಕೇ ವಿನಾ ಆಜ್ಞೆಯಾಗಿ ಜಾರಿಯಾಗಬಾರದು. ನಾಲ್ಕು, ನಿಜವಾಗಿ ದಾಖಲಾದ ನಂತರವೇ 'ಉಳಿಸಲಾಗಿದೆ' ಎಂಬ ಸೂಚನೆ ಪರದೆಯ ಮೇಲೆ ಬರಬೇಕು.

ಉಳಿಸುವುದು ಎಷ್ಟು ಮುಖ್ಯವೋ, ಉಳಿದದ್ದನ್ನು ಯಾರು ಓದುತ್ತಾರೆ ಎಂಬುದೂ ಅಷ್ಟೇ ಮುಖ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಒಪ್ಪಿಗೆ ಕೋರುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ಹೇಳುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ಆದುದರಿಂದ 'ನನ್ನ ಉತ್ತರ ಎಲ್ಲಿ ಇರುತ್ತದೆ, ಯಾರು ನೋಡುತ್ತಾರೆ, ಎಷ್ಟು ಕಾಲ ಇಡುತ್ತಾರೆ' ಎಂದು ಕನ್ನಡದಲ್ಲಿಯೇ ಕೇಳಲು ಸಂಕೋಚ ಬೇಡ. ತಾವು ಸಹ ಫಲಾನುಭವಿಗಳ ಹೆಸರು, ಆಧಾರ್ ಸಂಖ್ಯೆ, ಕಾಯಿಲೆಯ ವಿವರಗಳನ್ನು ಅಭ್ಯಾಸದ ಉತ್ತರದಲ್ಲಿ ಬರೆಯಬಾರದು.

ಹೊಸ ಪಾಠವೊಂದು ಬಂದಾಗ ತಾವೇ ಮಾಡಬಹುದಾದ ಸರಳ ಪರೀಕ್ಷೆಯಿದೆ. ಕನ್ನಡದಲ್ಲಿ ನೂರು ಪದಗಳ ಉತ್ತರವನ್ನು ಬರೆದು ಉಳಿಸಿ, ಲಾಗೌಟ್ ಆಗಿ, ಬೇರೊಂದು ಮೊಬೈಲಿನಿಂದ ಅದೇ ಪಾಠವನ್ನು ತೆರೆಯಿರಿ. ಕೊನೆಯ ಪದದವರೆಗೆ ಉತ್ತರ ಕಂಡರೆ ವ್ಯವಸ್ಥೆ ಸರಿಯಿದೆ. ಕಾಣದಿದ್ದರೆ ದೀರ್ಘ ಉತ್ತರಗಳನ್ನು ಮೊದಲು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ದೋಷವನ್ನು ತಾಲ್ಲೂಕು ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ.

ಬತ್ತುವ ಕೊಳವೆಬಾವಿಯ ತಿಂಗಳು ತಿಳಿದಿರುವುದು ಆ ವಾರ್ಡಿನ ಸದಸ್ಯರಿಗೆ. ಆ ತಿಳಿವಳಿಕೆ ತರಬೇತಿಯ ಪರದೆಯ ಮೇಲೆ ಮೂಡಿ ಮಾಯವಾಗದೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯವರೆಗೆ ತಲುಪಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.