ಕೇಳುವುದನ್ನೂ ಕಲಿಯಬೇಕು, ಕೊಡುವುದನ್ನೂ ಕಲಿಯಬೇಕು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳ್ಳಿಹಬ್ಬ ಅಂದ ಮೇಲೆ ಸಂಘದ ಗುಣಗಾನ ಮಾಡುವುದು ವಾಡಿಕೆ. ಅದನ್ನು ನಮಗಿಂತ ಮೊದಲು ಮಾತನಾಡಿದವರು ಚೆನ್ನಾಗಿಯೇ ಮಾಡಿದ್ದಾರೆ. ಆದ್ದರಿಂದ ನಾವು ಬೇರೆ ವಿಷಯ ಎತ್ತಿಕೊಳ್ಳುತ್ತೇವೆ. ಸಂಬಳ ಜಾಸ್ತಿ ಮಾಡಿ, ಕೂಲಿ ಜಾಸ್ತಿ ಮಾಡಿ ಅಂತ ಯಜಮಾನರನ್ನು ಕೇಳುವುದು ಹೇಗೆ ಎಂಬುದೇ ಆ ವಿಷಯ. "ಹಾಲಿನ ಸಂಘದ ಸಭೇಲಿ ಸಂಬಳದ ಮಾತ್ಯಾಕಪ್ಪ?" ಅಂತ ಯಾರಾದರೂ ಅಂದುಕೊಂಡರೆ ತಪ್ಪಿಲ್ಲ. ವಸಿ ತಾಳ್ಮೆಯಿಂದ ಕೇಳಿ, ಸಂಬಂಧ ತಾನಾಗಿಯೇ ಕಾಣುತ್ತದೆ.

ಈಗ ನಮ್ಮ ಮನೆಗಳ ಸ್ಥಿತಿ ನೋಡಿ. ಮೊದಲು ನಾಲೆ ನೀರು, ಗದ್ದೆ, ಕಬ್ಬು ಇಷ್ಟನ್ನೇ ನಂಬಿಕೊಂಡು ಇಡೀ ಮನೆ ನಡೆಯುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಎರಡು ಹಸು, ಹೊಲದಲ್ಲಿ ವಸಿ ಬೆಳೆ, ಅದರ ಜೊತೆಗೆ ಹೊರಗೆ ದುಡಿಯಲು ಹೋಗುವವರು ಒಬ್ಬರಾದರೂ ಬೇಕು. ಮಗಳೋ ಸೊಸೆಯೋ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮಗ ಬೆಂಗಳೂರಿನಲ್ಲೋ ಮಂಡ್ಯದ ಅಂಗಡಿಯಲ್ಲೋ ಇರುತ್ತಾನೆ. ಬೆಳಗ್ಗೆ ಅತ್ತೆ ಕ್ಯಾನು ಹಿಡಿದು ಸಂಘಕ್ಕೆ ಬರುವ ಹೊತ್ತಿಗೆ ಸೊಸೆ ಊಟದ ಡಬ್ಬಿ ಹಿಡಿದು ವ್ಯಾನಿಗೆ ಕಾಯುತ್ತಾಳೆ. ಒಂದೇ ಮನೆಯ ಎರಡು ದುಡಿಮೆ. ಆದರೆ ಅತ್ತೆಗೆ ಗೊತ್ತಿರುವ ಒಂದು ವಿದ್ಯೆ ಸೊಸೆಗೆ ಗೊತ್ತಿಲ್ಲ. ಅದು ದರ ಕೇಳುವ ವಿದ್ಯೆ.

ಈ ಸಂಘ ನಮಗೆ ಕಲಿಸಿದ್ದು ಅದನ್ನೇ. ಬೂಸಾ ರೇಟು ಏರಿದಾಗ, ಹಿಂಡಿ ರೇಟು ಏರಿದಾಗ ಹಾಲಿನ ದರ ಏರಿಸಿ ಅಂತ ನಾವು ಕೇಳುತ್ತಾ ಬಂದಿದ್ದೇವೆ. ಹೇಗೆ ಕೇಳಿದೆವು? "ಕಷ್ಟ ಸ್ವಾಮಿ" ಅಂತ ಕಣ್ಣೀರು ಹಾಕಲಿಲ್ಲ. ಫೀಡ್ಸ್ ಮೂಟೆಗೆ ಮೊದಲು ಇಷ್ಟಿತ್ತು, ಈಗ ಇಷ್ಟಾಗಿದೆ, ಡಾಕ್ಟರ ಖರ್ಚು ಇಷ್ಟು, ಲೀಟರಿಗೆ ಉಳಿಯುವುದು ಇಷ್ಟು ಅಂತ ಲೆಕ್ಕ ಹೇಳಿದೆವು. ಸರ್ವಸದಸ್ಯರ ಸಭೆಯಲ್ಲಿ ಮಾತಾಡಿ, ಬರವಣಿಗೆಯಲ್ಲಿ ಗೆಜ್ಜಲಗೆರೆಯ ಒಕ್ಕೂಟಕ್ಕೆ ಮುಟ್ಟಿಸಿದೆವು. ಒಬ್ಬನೇ ಹೋಗಿದ್ದರೆ ಗೇಟಿನವನು ಒಳಗೆ ಬಿಡುತ್ತಿರಲಿಲ್ಲ. ಸಂಘವಾಗಿ ಹೋದಾಗ ಕುರ್ಚಿ ಕೊಟ್ಟು ಮಾತಾಡಿಸುತ್ತಾರೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಈ ಚಳವಳಿಯ ಹುರುಳು ಇಷ್ಟೇ. ಬಿಡಿ ಬಿಡಿಯಾಗಿ ಬೇಡುವವರು ಒಟ್ಟಾಗಿ ಲೆಕ್ಕ ಕೇಳುವವರಾಗಬೇಕು.

ಆದರೆ ಇದೇ ನಾವು ಸಂಬಳದ ವಿಷಯಕ್ಕೆ ಬಂದಾಗ ಬಾಯಿ ಕಟ್ಟಿದವರ ಹಾಗೆ ಆಗುತ್ತೇವೆ. ನಾವು ಹುಡುಗರಾಗಿದ್ದಾಗ ಒಂದು ಆಲೆಮನೆಯಲ್ಲಿ ಕೆಲಸಕ್ಕಿದ್ದೆವು. ಬೆಳಗಿನ ಜಾವ ಗಾಣಕ್ಕೆ ಕಬ್ಬು ಕೊಡಬೇಕು, ರಚ್ಚು ಒಣಹಾಕಬೇಕು, ಒಲೆಗೆ ಹಾಕಬೇಕು. ಎರಡು ಸುಗ್ಗಿ ಕಳೆದರೂ ಕೂಲಿ ಅಷ್ಟೇ ಇತ್ತು. ಒಂದು ದಿನ ಧೈರ್ಯ ಮಾಡಿ ತಲೆ ಕೆರೆದುಕೊಂಡು, "ಬುದ್ಧಿ, ಏನಾದ್ರೂ ವಸಿ ನೋಡ್ಕೊಂಡು ಮಾಡಿ" ಅಂದೆವು. ಯಜಮಾನರು "ಆಗ್ಲಿ ನೋಡಾನ" ಅಂದರು. ನೋಡುತ್ತಲೇ ಆ ಸುಗ್ಗಿಯೂ ಮುಗಿಯಿತು! ಈಗ ಯೋಚಿಸಿದರೆ ತಪ್ಪು ಅವರದ್ದಷ್ಟೇ ಅಲ್ಲ. ನಾವು ಎಷ್ಟು ಬೇಕು ಅಂತ ಹೇಳಲಿಲ್ಲ, ಯಾಕೆ ಬೇಕು ಅಂತ ಹೇಳಲಿಲ್ಲ, ಯಾವತ್ತಿನಿಂದ ಅಂತಲೂ ಕೇಳಲಿಲ್ಲ. "ಏನಾದ್ರೂ ವಸಿ" ಅಂದರೆ ಸಿಗುವುದು ಏನೂ ಇಲ್ಲ. ಅಳುವ ಮಗುವಿಗೆ ಹಾಲು ಅಂತಾರೆ, ನಿಜ. ಆದರೆ ಮಗು ಅತ್ತರೆ ತಾಯಿಗೆ ಕರುಳು ಮಿಡಿಯುತ್ತದೆ. ಕಂಪನಿಗೆ ಕರುಳಿಲ್ಲ, ಲೆಕ್ಕದ ಪುಸ್ತಕ ಇದೆ. ಅದರ ಮುಂದೆ ಅಳಬಾರದು, ಲೆಕ್ಕ ಇಡಬೇಕು.

ಸಂಬಳಕ್ಕೂ ಒಂದು ಲೆಕ್ಕ ಉಂಟು ಎಂಬುದು ನಮ್ಮ ಹೆಚ್ಚಿನ ಮಕ್ಕಳಿಗೆ ಗೊತ್ತಿಲ್ಲ. ನಮ್ಮ ದೇಶದಲ್ಲಿ 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. 1957ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಆ ಕನಿಷ್ಠವನ್ನು ಅಳೆಯುವುದು ಹೇಗೆ ಅಂತ ತೀರ್ಮಾನ ಮಾಡಿದರು. ದುಡಿಯುವ ಒಬ್ಬರನ್ನು ನಂಬಿಕೊಂಡು ಮೂರು ಪಾಲಿನ ಊಟ ಇರುತ್ತದೆ ಅಂತ ಹಿಡಿಯಬೇಕು. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲರಿ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಇತ್ಯಾದಿಗೆ ಒಟ್ಟು ಕೂಲಿಯಲ್ಲಿ ನೂರಕ್ಕೆ 20. ಆಮೇಲೆ 1991ರಲ್ಲಿ ಸುಪ್ರೀಂ ಕೋರ್ಟು, ಇಷ್ಟೇ ಸಾಲದು, ಮಕ್ಕಳ ಓದು, ಆಸ್ಪತ್ರೆ, ಹಬ್ಬ ಹರಿದಿನ, ಮದುವೆ, ಮುಪ್ಪಿನ ಕಾಲ ಇವುಗಳಿಗೆ ನೂರಕ್ಕೆ 25 ಸೇರಬೇಕು ಅಂತ ಹೇಳಿತು. ನೋಡಿ, ಹಸುವಿಗೆ ಇಷ್ಟು ಹಾಲು ಕೊಡಲು ಇಷ್ಟು ಹುಲ್ಲು, ಇಷ್ಟು ಹಿಂಡಿ ಬೇಕು ಅಂತ ನಾವು ಲೆಕ್ಕ ಹಾಕುವುದಿಲ್ಲವೆ? ಮನುಷ್ಯನಿಗೂ ಅದೇ ಲೆಕ್ಕ. ಸಂಬಳ ಅಂದರೆ ಯಜಮಾನರ ಕೃಪೆಯಲ್ಲ. ದುಡಿಯುವ ಮೈ ನಾಳೆಯೂ ದುಡಿಯಲು ಬೇಕಾದ ಖರ್ಚು ಅದು.

ಬೆಲೆ ಏರಿದ ಹಾಗೆ ತುಟ್ಟಿಭತ್ಯೆಯೂ ಏರಬೇಕು. ನಮ್ಮ ರಾಜ್ಯದಲ್ಲಿ ಅದು ವರ್ಷಕ್ಕೊಮ್ಮೆ ಏಪ್ರಿಲ್ ಒಂದರಿಂದ ಲೆಕ್ಕವಾಗುತ್ತದೆ. ಇದರ ಮೇಲೆ ನಡೆದ ಒಂದು ಸಂಗತಿಯನ್ನು ಪ್ರತಿ ಮನೆಯವರೂ ತಿಳಿದುಕೊಳ್ಳಬೇಕು. 2020ರಲ್ಲಿ ಕೋವಿಡ್ ಕಾಲದಲ್ಲಿ ಗಾರ್ಮೆಂಟ್ಸ್ ಕೆಲಸಗಾರರಿಗೆ ಬರಬೇಕಾಗಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ರಾಜ್ಯ ಸರ್ಕಾರ ಅದನ್ನು ಮುಂದಿನ ವರ್ಷಕ್ಕೆ ತಳ್ಳಿ ಆದೇಶ ಮಾಡಿತು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 16 ರೂಪಾಯಿ. "ಹದಿನಾರು ರೂಪಾಯಿಗೆ ಯಾರು ಜಗಳ ಆಡ್ತಾರೆ ಬಿಡವ್ವ" ಅಂತ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ವರ್ಷಕ್ಕೆ ಅದು 5,011 ರೂಪಾಯಿ. ಮಗುವಿನ ಬಟ್ಟೆ, ಪುಸ್ತಕ, ಫೀಜು ಅದರಲ್ಲೇ ಇದೆ. ಗಾರ್ಮೆಂಟ್ಸ್ ಕೆಲಸಗಾರರ ಯೂನಿಯನ್ನು ಹೈಕೋರ್ಟಿಗೆ ಹೋಯಿತು. ಆದೇಶಕ್ಕೆ ಕೋರ್ಟು ತಡೆ ಕೊಟ್ಟಿತು. ಆದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಕೆಲಸಗಾರರು ಬಿಡಲಿಲ್ಲ. ನಮ್ಮ ಹೆಣ್ಣುಮಕ್ಕಳು ಹೊಲಿದ ಬಟ್ಟೆ ಕೊಳ್ಳುವ ಹೊರದೇಶದ ಬ್ರ್ಯಾಂಡುಗಳವರೆಗೂ ದೂರು ಹೋಯಿತು. ಕಡೆಗೆ 2022ರ ಹೊತ್ತಿಗೆ ದೊಡ್ಡ ದೊಡ್ಡ ಕಂಪನಿಗಳೇ ಬಾಕಿ ಕೊಡಲು ಒಪ್ಪಿಕೊಂಡವು. ಹಕ್ಕಿದ್ದವರು ನಾಲ್ಕು ಲಕ್ಷಕ್ಕೂ ಮೇಲೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಒಬ್ಬೊಬ್ಬಳೇ ಸೂಪರ್‌ವೈಸರ ಮುಂದೆ ನಿಂತಿದ್ದರೆ "ಇಷ್ಟ ಇದ್ರೆ ಮಾಡು, ಇಲ್ದಿದ್ರೆ ಬಿಡು" ಎಂಬ ಮಾತೇ ಸಿಗುತ್ತಿತ್ತು.

ಹಾಗಂತ ಎಲ್ಲಕ್ಕೂ ಮುಷ್ಕರವೇ ಮದ್ದು ಅಂತ ನಾವು ಹೇಳುತ್ತಿಲ್ಲ. 1980ರ ಡಿಸೆಂಬರಿನಿಂದ 81ರ ಮಾರ್ಚಿಯವರೆಗೆ ಬೆಂಗಳೂರಿನ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಮೊದಲಾದ ಕಾರ್ಖಾನೆಗಳಲ್ಲಿ 77 ದಿನ ಸಂಬಳದ ಮುಷ್ಕರ ನಡೆಯಿತು. ಅಷ್ಟು ದೊಡ್ಡ ಯೂನಿಯನ್ನುಗಳಿದ್ದರೂ ಕೇಳಿದ್ದು ಕೈಗೆ ಬರಲಿಲ್ಲ. ಎರಡೂವರೆ ತಿಂಗಳು ಸಂಬಳವಿಲ್ಲದೆ ಸಂಸಾರ ನಡೆಸುವುದು ಏನೆಂದು ಅನುಭವಿಸಿದವರಿಗೇ ಗೊತ್ತು. ಅದು ಕಡೆಯ ಆಯುಧ. ಮೊದಲ ಆಯುಧ ಕಾಗದ, ಪೆನ್ನು.

ಆದ್ದರಿಂದ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ನಾಲ್ಕು ಮಾತು.

ಒಂದು, ಸಂಬಳದ ಚೀಟಿ ಓದಿ. ಹಾಲಿನ ಪಾಸ್‌ಬುಕ್ಕಿನಲ್ಲಿ ಫ್ಯಾಟು ಒಂದು ಪಾಯಿಂಟು ಕಡಿಮೆ ಬಿದ್ದರೆ ಜಗಳಕ್ಕೆ ಬರುವ ನಾವು, ಸಂಬಳದ ಚೀಟಿಯನ್ನು ಮಡಿಚಿ ಪೆಟ್ಟಿಗೆಗೆ ಹಾಕುತ್ತೇವೆ. ಮೂಲ ವೇತನ ಎಷ್ಟು, ತುಟ್ಟಿಭತ್ಯೆ ಎಷ್ಟು, ಪಿಎಫ್‌ಗೆ ಹಿಡಿದದ್ದು ಎಷ್ಟು, ಇಎಸ್‌ಐಗೆ ಎಷ್ಟು ನೋಡಬೇಕು. ಇಎಸ್‌ಐಗೆ 2019ರಿಂದ ಕೆಲಸಗಾರರ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರ ಪಾಲು ಮೂರೂಕಾಲು ರೂಪಾಯಿ. ಓವರ್‌ಟೈಮಿಗೆ ಕೂಲಿ ಎರಡರಷ್ಟು. ಇವು ಸರಿಯಿಲ್ಲದಿದ್ದರೆ ನೀವು ಕೇಳುತ್ತಿರುವುದು ಹೆಚ್ಚಳವಲ್ಲ, ನಿಮ್ಮದೇ ಹಣ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. 1948ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಕನಿಷ್ಠಕ್ಕಿಂತ ಕೆಳಗೆ ಕೊಡಬಾರದು ಎಂಬುದು ಬದಲಾಗಿಲ್ಲ.

ಎರಡು, ಕೆಲಸದ ಲೆಕ್ಕ ಇಡಿ. ಸೇರಿದಾಗ ಒಂದು ಮಿಷಿನ್ನು ಗೊತ್ತಿತ್ತು, ಈಗ ಮೂರು ಗೊತ್ತು. ಹೊಸಬರಿಗೆ ನಾನೇ ಕಲಿಸುತ್ತೇನೆ. ವರ್ಷದಲ್ಲಿ ರಜೆ ಹಾಕಿದ್ದು ಇಷ್ಟೇ ದಿನ. ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. "ಮನೇಲಿ ಕಷ್ಟ" ಎಂಬುದಕ್ಕಿಂತ "ನನ್ನಿಂದ ನಿಮಗೆ ಇಷ್ಟು ಉಪಯೋಗ" ಎಂಬ ಮಾತಿಗೆ ಯಜಮಾನರ ಕಿವಿ ಬೇಗ ತೆರೆಯುತ್ತದೆ.

ಮೂರು, ಹೊತ್ತು ನೋಡಿ ಕೇಳಿ, ಮೊತ್ತ ಹೇಳಿ ಕೇಳಿ. ಮಾಲು ಕಳಿಸುವ ಗಡಿಬಿಡಿಯಲ್ಲಿ ಯಜಮಾನರ ತಲೆ ಬಿಸಿಯಾಗಿರುತ್ತದೆ. "ಐದು ನಿಮಿಷ ಮಾತಾಡಬೇಕು, ಯಾವಾಗ ಬರಲಿ?" ಅಂತ ಮೊದಲೇ ಕೇಳಿಕೊಳ್ಳಿ. ಹೋದ ಮೇಲೆ ಇಷ್ಟು ರೂಪಾಯಿ, ಇಂಥ ತಿಂಗಳಿಂದ ಅಂತ ಹೇಳಿ. ಹೇಳಿದ್ದನ್ನೇ ಅರ್ಜಿಯಲ್ಲಿ ಬರೆದು ಕೊಟ್ಟು ಒಂದು ನಕಲು ಇಟ್ಟುಕೊಳ್ಳಿ. "ನೋಡಾನ" ಅಂದರೆ "ಯಾವ ತಾರೀಕಿಗೆ ಬಂದು ಕೇಳಲಿ ಸಾರ್?" ಅಂತ ವಿನಯದಿಂದಲೇ ಕೇಳಿ. ತಾರೀಕು ಇಲ್ಲದ ಮಾತು ನೀರು ಬೆರೆಸಿದ ಹಾಲಿದ್ದ ಹಾಗೆ, ಲ್ಯಾಕ್ಟೋಮೀಟರು ನಿಲ್ಲುವುದಿಲ್ಲ.

ನಾಲ್ಕು, ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಕೇಳಿ. ನಿಮ್ಮ ಒಬ್ಬರ ಕೆಲಸದ ವಿಷಯಕ್ಕೆ ಒಬ್ಬರೇ ಹೋಗಬಹುದು. ತುಟ್ಟಿಭತ್ಯೆ, ಓವರ್‌ಟೈಮು, ವ್ಯಾನಿನ ಚಾರ್ಜು ಇಂಥವುಗಳಿಗೆ ಒಬ್ಬರೇ ಹೋಗಿ ಕೆಟ್ಟವರಾಗಬೇಡಿ. ಸಂಘದ ಮಕ್ಕಳಿಗೆ ಇದನ್ನು ಬೇರೆ ಹೇಳಿಕೊಡಬೇಕೆ?

ಇಷ್ಟು ಹೇಳಿ ಕೂತರೆ ಚಪ್ಪಾಳೆ ಬೀಳುತ್ತದೆ. ಆದರೆ ಅರ್ಧ ಮಾತೇ ಆಗುತ್ತದೆ. ಯಾಕೆಂದರೆ ನಾವೂ ಯಜಮಾನರೇ.

ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಕೆಳಗೆ ನಾಟಿ ಕಾಲದಲ್ಲಿ ನಮ್ಮ ಗದ್ದೆಗೆ ಬರುವ ಹೆಣ್ಣಾಳುಗಳು, "ಅಣ್ಣ, ಎಲ್ಲಾ ಕಡೆ ಜಾಸ್ತಿ ಆಗದೆ, ಆಳಿಗೆ ಇಪ್ಪತ್ತು ರೂಪಾಯಿ ಸೇರಿಸ್ಕೊಡಿ" ಅಂತ ಕೇಳಿದರು. ಮೊತ್ತ ಹೇಳಿ ಕೇಳಿದರು, ಸೇರಿ ಕೇಳಿದರು, ಮೊದಲೇ ಕೇಳಿದರು. ಈಗ ತಾನೆ ನಾವು ಹೇಳಿದ ಹಾಗೇ ಕೇಳಿದರು. ನಾವು ಏನಂದೆವು? ಆಲೆಮನೆ ಯಜಮಾನರು ನಮಗೆ ಅಂದ ಮಾತನ್ನೇ ಅಂದೆವು, "ಆಗ್ಲಿ ನೋಡಾನ." ಮಾರನೆಯ ದಿನ ಅವರು ಪಕ್ಕದ ಗದ್ದೆಗೆ ಹೋದರು. ಒಟ್ಲಿನಲ್ಲಿ ಪೈರು ಬಲಿಯಿತು. ಬಲಿತ ಪೈರು ನೆಟ್ಟರೆ ತೆಂಡೆ ಒಡೆಯುವುದಿಲ್ಲ ಅಂತ ನಮಗೆ ಗೊತ್ತಿಲ್ಲದ ವಿಷಯವೆ? ಇಪ್ಪತ್ತು ರೂಪಾಯಿ ಉಳಿಸಲು ಹೋಗಿ ಭತ್ತದಲ್ಲಿ ಕಳೆದುಕೊಂಡೆವು. ನಷ್ಟಕ್ಕಿಂತ ಹೆಚ್ಚಾಗಿ ನಮಗೆ ನಾಚಿಕೆಯಾದದ್ದು ಆ "ನೋಡಾನ" ಎಂಬ ಮಾತು ನಮ್ಮ ಬಾಯಿಂದಲೇ ಬಂತಲ್ಲಾ ಅಂತ. ಇನ್ನೊಂದು ಮಾತು. ಗಂಡಾಳಿಗೆ ಒಂದು, ಹೆಣ್ಣಾಳಿಗೆ ಇನ್ನೊಂದು ಕೂಲಿ ಕೊಡುತ್ತೇವೆ. ಒಂದೇ ಬಗೆಯ ಕೆಲಸಕ್ಕೆ ಹಾಗೆ ಮಾಡಬಾರದು ಅಂತ 1976ರಲ್ಲೇ ಕಾನೂನಾಯಿತು. ನಮ್ಮ ಬದುಗಳಿಗೆ ಅದು ಇನ್ನೂ ಬಂದು ಮುಟ್ಟಿಲ್ಲ.

ಗದ್ದೆಯಲ್ಲಿ ಹೇಗೋ ಸಂಘದಲ್ಲೂ ಹಾಗೇ. ಕಾರ್ಯದರ್ಶಿ, ಹಾಲು ಅಳೆಯುವವರು, ಟೆಸ್ಟ್ ಮಾಡುವವರು ಯಾರ ಕೆಲಸದವರು? ನಮ್ಮ ಕೆಲಸದವರು. ನಾವು ಮಳೆ ಅಂತ ಒಂದು ದಿನ ತಡವಾಗಿ ಬಂದೇವು, ಅವರು ಬರುವಂತಿಲ್ಲ. ದೀಪಾವಳಿಗೂ ಹಸು ಹಾಲು ಕೊಡುತ್ತದೆ, ಅವತ್ತೂ ಅವರು ಬಾಗಿಲು ತೆಗೆಯಬೇಕು. ನಾವು ಯಾರ ಮೇಲೂ ಆರೋಪ ಹೊರಿಸಲು ಈ ಮಾತು ಹೇಳುತ್ತಿಲ್ಲ. ಅವರು ಸಂಬಳ ಕೇಳಬೇಕಾದರೆ ಯಾರನ್ನು ಕೇಳಬೇಕು? ಇಡೀ ಊರನ್ನೇ ಕೇಳಬೇಕು. ಅಣ್ಣನನ್ನು, ಮಾವನನ್ನು, ಚಿಕ್ಕಮ್ಮನನ್ನು ಕೇಳಬೇಕು. ಕಂಪನಿ ಮುಂದೆ ಬಾಯಿ ಬಿಡುವುದಕ್ಕಿಂತ ಇದು ಕಷ್ಟ. ಅದಕ್ಕೆ ನಮ್ಮ ಕೋರಿಕೆ ಒಂದೇ. ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ, ಬೋನಸ್ಸಿನ ಲೆಕ್ಕ ಎತ್ತುವ ಮೊದಲು, ಕೆಲಸಗಾರರ ಸಂಬಳದ ವಿಷಯ ಒಂದು ಕಲಮಾಗಿ ಬರಲಿ. ಅವರು ಬಾಯಿ ಬಿಟ್ಟು ಕೇಳುವ ಮೊದಲೇ ನಾವು ಕೇಳೋಣ, "ಎಷ್ಟಾದರೆ ಆದೀತಪ್ಪ?" ಅಂತ. ಸಂಘಕ್ಕೆ ಶಕ್ತಿ ಇರುವಷ್ಟು ಕೊಡೋಣ. ಶಕ್ತಿ ಇಲ್ಲದಿದ್ದರೆ ಲೆಕ್ಕ ತೋರಿಸಿ ಹೇಳೋಣ, ಯಾವಾಗ ಆದೀತು ಎಂಬ ತಾರೀಕನ್ನೂ ಹೇಳೋಣ.

ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಆಗಬಾರದು. ಹಾಲಿನ ದರ ಕೇಳುವಾಗ ನಾವು ಎಷ್ಟು ನೆಟ್ಟಗೆ ನಿಲ್ಲುತ್ತೇವೋ ನಮ್ಮ ಮಕ್ಕಳು ಸಂಬಳ ಕೇಳುವಾಗಲೂ ಅಷ್ಟೇ ನೆಟ್ಟಗೆ ನಿಲ್ಲಲಿ. ನಮ್ಮನ್ನು ಕೇಳಲು ಬಂದವರೂ ನಮ್ಮ ಮುಂದೆ ತಲೆ ಕೆರೆದುಕೊಳ್ಳದೆ ನಿಲ್ಲುವಂತಾಗಲಿ. ಈ ಎರಡೂ ಆದರೆ ನಮ್ಮ ಸಂಘದ ಸುವರ್ಣ ಹಬ್ಬಕ್ಕೆ ಬೇರೆ ಅಲಂಕಾರ ಬೇಡ.

 

ಜೈ ಸಹಕಾರ.