ಸಸ್ತನಿಗಳ ಜೀವಕೋಶಕ್ಕೆ ಎರಡನೆಯ ಕಾವಲು ಉಂಟೇ?

ಸಸ್ಯಗಳೂ ಕೀಟಗಳೂ ವೈರಸ್ಸಿನ ವಿರುದ್ಧ ಬಳಸುವ ಆರ್‌ಎನ್‌ಎ ಇಂಟರ್‌ಫೆರೆನ್ಸ್ ಎಂಬ ರಕ್ಷಣೆಯನ್ನು ಸಸ್ತನಿಗಳ ಜೀವಕೋಶಗಳೂ ಉಳಿಸಿಕೊಂಡಿವೆಯೇ ಎಂಬುದು ಜೀವವಿಜ್ಞಾನದಲ್ಲಿ ಇನ್ನೂ ಆರದ ವಿವಾದ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಪುಟ್ಟ ಹುಳುವೊಂದರಲ್ಲಿ ವಿವರಿಸಿದ, 2006ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಈ ಕ್ರಿಯೆಯ ಚರಿತ್ರೆ ಕೇಳುಗರಿಗೆ ಪರಿಚಿತವಾದುದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಆರ್‌ಎನ್‌ಎ ವೈರಸ್ ಕೋಶದೊಳಗೆ ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಎರಡು ಎಳೆಗಳು ಜೋಡಿಕೊಂಡ ಉದ್ದನೆಯ ಆರ್‌ಎನ್‌ಎ ಹುಟ್ಟುತ್ತದೆ. ಡೈಸರ್ ಎಂಬ ಕಿಣ್ವ ಅದನ್ನು ಸುಮಾರು 22 ಅಕ್ಷರಗಳಷ್ಟು, ಎಂದರೆ ನ್ಯೂಕ್ಲಿಯೊಟೈಡುಗಳಷ್ಟು, ಉದ್ದದ ತುಣುಕುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನು ಅಂಥ ತುಣುಕಿನ ಒಂದು ಎಳೆಯನ್ನು ಹಿಡಿದುಕೊಂಡು, ಅದಕ್ಕೆ ಹೊಂದುವ ವೈರಸ್ಸಿನ ಆರ್‌ಎನ್‌ಎಯನ್ನು ಹುಡುಕಿ ತುಂಡರಿಸುತ್ತದೆ.

ಆದರೆ ಹಳೆಯ ತಲೆಮಾರಿನ ಅಧ್ಯಾಪಕರು ಸಸ್ತನಿಗಳ ರಕ್ಷಣೆಯ ಪಾಠವನ್ನು ಇಂಟರ್‌ಫೆರಾನಿನಿಂದಲೇ ಆರಂಭಿಸುತ್ತಿದ್ದರು, ಮತ್ತು ಅದಕ್ಕೆ ಸಕಾರಣವೂ ಇತ್ತು. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್, ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಭ್ರೂಣದ ಪೊರೆಯೊಡನೆ ಇರಿಸಿದಾಗ, ಆ ಪೊರೆ ಸ್ರವಿಸಿದ ದ್ರವವೇ ಹೊಸ ಪೊರೆಯನ್ನು ಸೋಂಕಿನಿಂದ ಕಾಪಾಡಿತು; ಆ ದ್ರವದಲ್ಲಿದ್ದ ರಕ್ಷಕ ಅಂಶವೇ ಇಂಟರ್‌ಫೆರಾನ್. ಉದ್ದನೆಯ ಜೋಡಿ ಎಳೆಯ ಆರ್‌ಎನ್‌ಎ ಕಂಡೊಡನೆ ಇಂಟರ್‌ಫೆರಾನನ್ನು ಎಬ್ಬಿಸಿ, ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸಬಲ್ಲ ಕೋಶಕ್ಕೆ ಹಳೆಯ ಕತ್ತರಿ ಬೇಕಿಲ್ಲವೆಂದು ಆ ಗುರುಪರಂಪರೆ ನಂಬಿದ್ದು ಸಹಜವೇ ಆಗಿತ್ತು.

ಈ ನಂಬಿಕೆಯನ್ನು 2013ರ ಎರಡು ಪ್ರಬಂಧಗಳು ಅಲುಗಿಸಿದವು. ಷೌ-ವೈ ಡಿಂಗ್ ಅವರ ತಂಡ ಆರಿಸಿಕೊಂಡ ನೊಡಮುರಾ ವೈರಸ್, ಬಿ2 ಎಂಬ ಪ್ರೋಟೀನಿನಿಂದ ತನ್ನ ಜೋಡಿ ಎಳೆಯನ್ನು ಡೈಸರ್‌ನಿಂದ ಮರೆಮಾಡುತ್ತದೆ. ಹಾಲು ಕುಡಿಯುವ ಇಲಿಮರಿಗಳಿಗೆ ಮಾರಕವಾದ ಈ ವೈರಸ್ಸಿನಿಂದ ಬಿ2ವನ್ನು ತೆಗೆದುಹಾಕಿದಾಗ, ಮರಿಗಳ ದೇಹದಲ್ಲಿ ವೈರಸ್ಸಿನದೇ ಸಣ್ಣ ತುಣುಕುಗಳು ಹೇರಳವಾಗಿ ಕಾಣಿಸಿಕೊಂಡು ಸೋಂಕು ಅಡಗಿತು. ಒಲಿವಿಯೆ ವಾನೆ ಅವರ ತಂಡ ಇಲಿಯ ಭ್ರೂಣದ ಕಾಂಡಕೋಶಗಳಲ್ಲಿ, ಅಂದರೆ ಇನ್ನೂ ಯಾವ ಅಂಗಾಂಶವೆಂದು ನಿರ್ಧಾರವಾಗದ ಕೋಶಗಳಲ್ಲಿ, ಅಂಥದೇ ತುಣುಕುಗಳನ್ನು ತೋರಿಸಿತು. ಸಾಮಾನ್ಯ ದೇಹಕೋಶಗಳಲ್ಲಿ ಅವು ತೀರ ವಿರಳವೆಂಬುದು ವಿರೋಧಿಗಳ ಬಲವಾದ ಆಕ್ಷೇಪ.

2021ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಸಂಶೋಧಕರು ಡೈಸರ್‌ನ ಮೊಟಕುಗೊಂಡ ರೂಪವೊಂದನ್ನು ವರದಿ ಮಾಡಿದರು. ಉದ್ದನೆಯ ಜೋಡಿ ಎಳೆಯನ್ನು ಹೆಚ್ಚು ಸಮರ್ಥವಾಗಿ ಕತ್ತರಿಸುವ ಅದು, ಇಂಟರ್‌ಫೆರಾನಿಗೆ ಮಂದವಾಗಿ ಸ್ಪಂದಿಸುವ ಕಾಂಡಕೋಶಗಳನ್ನು ಝೀಕಾ ಮತ್ತು ಕೋವಿಡ್ ವೈರಸ್ಸುಗಳಿಂದ ರಕ್ಷಿಸುತ್ತದೆ. ಒಂದು ಕಾವಲು ದುರ್ಬಲವಾದ ಕಡೆಯಲ್ಲೇ ಇನ್ನೊಂದು ಎದ್ದು ಕಾಣುವುದು ಈ ವಿವಾದದ ಗಂಟನ್ನು ಸಡಿಲಿಸುವ ಸಂಗತಿ.

ಹಾಗಿದ್ದರೆ ಇಂಟರ್‌ಫೆರಾನು ಪೂರ್ಣ ಬಲದಲ್ಲಿರುವ ಬೆಳೆದ ಅಂಗಾಂಶದಲ್ಲಿ ಡೈಸರ್ ವೈರಸ್ಸಿನ ಎದುರು ಸುಮ್ಮನಿರುತ್ತದೆಯೇ, ಅಥವಾ ಅದರ ಕೆಲಸ ಕಣ್ಣಿಗೆ ಬೀಳದಷ್ಟು ಅಲ್ಪವೇ? ಫ್ಲೂ ವೈರಸ್ಸಿನ ಎನ್‌ಎಸ್1 ಪ್ರೋಟೀನು ಜೋಡಿ ಎಳೆಯನ್ನು ಮುಚ್ಚಿಡುವುದು ಇಂಟರ್‌ಫೆರಾನಿಗೆ ಹೆದರಿಯೋ, ಡೈಸರ್‌ಗೆ ಹೆದರಿಯೋ? ಇವುಗಳಿಗೆ ನಿರ್ಣಾಯಕ ಉತ್ತರ ದೊರೆಯುವವರೆಗೆ, ಸಸ್ತನಿಗಳಲ್ಲಿ ಈ ರಕ್ಷಣೆ ಇದೆ ಎನ್ನುವವರೂ ಇಲ್ಲವೆನ್ನುವವರೂ ಯಾವ ಕೋಶದಲ್ಲಿ, ಯಾವ ವೈರಸ್ಸಿನೆದುರು ಎಂಬುದನ್ನು ಮೊದಲು ಹೇಳಿ ವಾದಕ್ಕಿಳಿಯಬೇಕು.