ಬೇಸಿಗೆಗೆ ಕೂಲರೋ, ಏರ್ ಕಂಡೀಷನರೋ?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಬೇಸಿಗೆ ನಮಗೆ ಹೊಸದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಹಿಂದೆ ಮಣ್ಣಿನ ಮಾಳಿಗೆ, ದಪ್ಪ ಗೋಡೆಗಳು ನಮ್ಮನ್ನು ಕಾಯುತ್ತಿದ್ದವು. ಈಗಿನ ಸಿಮೆಂಟಿನ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ಒಳಗೆ ಬಿಸಿ ಬಿಡುತ್ತದೆ. ಅಂಗಡಿಗೆ ಹೋಗಿ ನಾವು ಮೊದಲು ಕೇಳುವುದು, "ಯಾವ ಕಂಪನಿದು ಛಲೋ?" ಎಂದು. ಬ್ಯಾಂಕಿನಲ್ಲಿ ಲೆಜರು ಬರೆದೇ ಕೂದಲು ಬೆಳ್ಳಗಾದ ನನಗೆ, ಆ ಪ್ರಶ್ನೆ ಕೊನೆಗೆ ಬರಬೇಕು ಎನ್ನಿಸುತ್ತದೆ. ಮೊದಲು ಹವೆ, ಆಮೇಲೆ ಲೆಕ್ಕ, ಕೊನೆಗೆ ಹೆಸರು.

ಹವೆಯ ಮಾತು ಮೊದಲು. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವ ರೀತಿಯೇ ಕೂಲರಿನದು. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ನಮ್ಮ ಒಣ ಬೇಸಿಗೆಗೆ ಕೂಲರು ಹೇಳಿ ಮಾಡಿಸಿದಂತಿದೆ. ಅದೇ ಕೂಲರನ್ನು ಕಾಸರಗೋಡಿನ ಬೀಗರ ಮನೆಗೆ ಒಯ್ದರೆ, ಕಡಲ ತೇವದ ಗಾಳಿಯಲ್ಲಿ ಅದು ಹೆಚ್ಚೇನೂ ಮಾಡಲಾರದು. ನಮ್ಮಲ್ಲಿಯೂ ಮೃಗಶಿರಾ ಮಳೆ ಬಿದ್ದ ಮೇಲೆ ಕೂಲರಿನ ಗುಣ ಇಳಿಯುತ್ತದೆ. ಇನ್ನೊಂದು ಮಾತು: ಕೂಲರು ಹಚ್ಚಿ ಕಿಟಕಿ ಮುಚ್ಚಬಾರದು. ತೇವದ ಗಾಳಿ ಹೊರಗೆ ಹೋಗಲು ಎದುರಿನ ಕಿಟಕಿ ತೆರೆದಿರಲಿ.

1988ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಸಿಂಫನಿ, ಕೆನ್‌ಸ್ಟಾರ್, ಬಜಾಜ್ ಮುಂತಾದವು ಪ್ಲಾಸ್ಟಿಕ್ ಕೂಲರುಗಳು. ಇವಲ್ಲದೆ ಊರಲ್ಲೇ ಮಾಡುವ ತಗಡಿನ ಕೂಲರುಗಳಿವೆ. ತಗಡಿನದಕ್ಕೆ ಪಂಪು, ಮೋಟಾರು ಪೇಟೆಯಲ್ಲೇ ಸಿಗುತ್ತವೆ. ಆದರೆ ಅರ್ಥಿಂಗ್ ಇಲ್ಲದೆ ಅದನ್ನು ಹಚ್ಚಲೇಬಾರದು. ನೀರು ಹಾಕುವ ಮೊದಲು ಪ್ಲಗ್ ತೆಗೆಯಬೇಕು. ನೀರು, ತಗಡು, ವಿದ್ಯುತ್ತು ಮೂರೂ ಕೂಡಿದಲ್ಲಿ ಜೀವಕ್ಕೆ ಅಪಾಯವಿದೆ. ಕಟ್ಟಿಗೆಯ ಎಳೆಯ ಪ್ಯಾಡನ್ನು ಪ್ರತಿ ಬೇಸಿಗೆಗೆ ಬದಲಿಸಬೇಕು. ಜೇನುಗೂಡಿನಂಥ ಪ್ಯಾಡು ಹೆಚ್ಚು ಕಾಲ ಬಾಳುತ್ತದೆ, ಆದರೆ ಬೋರಿನ ಗಡಸು ನೀರಿಗೆ ಉಪ್ಪು ಕಟ್ಟುತ್ತದೆ.

ಇನ್ನು ಏರ್ ಕಂಡೀಷನರು. ಬ್ಲೂ ಸ್ಟಾರ್ 1943ರದು, ವೋಲ್ಟಾಸ್ 1954ರದು. ಗೋದ್ರೆಜ್, ಡೈಕಿನ್, ಎಲ್.ಜಿ., ಹಿಟಾಚಿ ಹೀಗೆ ಹೆಸರುಗಳು ಬಹಳ. ಒಳಗಿನ ಕಂಪ್ರೆಸರನ್ನು ಎಷ್ಟೋ ಕಂಪನಿಗಳು ಕೆಲವೇ ತಯಾರಕರಿಂದ ಕೊಳ್ಳುತ್ತವೆ. ಹೀಗಾಗಿ ಹೆಸರಿಗಿಂತ ಮೇಲೆ ಅಂಟಿಸಿದ ನಕ್ಷತ್ರದ ಚೀಟಿ ಓದುವುದು ಮೇಲು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಈ ಪದ್ಧತಿಯನ್ನು 2006ರಲ್ಲಿ ಆರಂಭಿಸಿತು. ಚೀಟಿಯಲ್ಲಿ 1,600 ಗಂಟೆ ನಡೆದರೆ ಎಷ್ಟು ಯೂನಿಟ್ ಎಂಬ ಅಂಕಿ ಇರುತ್ತದೆ. ನಕ್ಷತ್ರದ ನಿಯಮ ಆಗಾಗ ಬಿಗಿಯಾಗುವುದರಿಂದ ಚೀಟಿಯ ಅವಧಿಯನ್ನೂ ನೋಡಬೇಕು.

ಒಂದು ಲೆಕ್ಕ ಹಾಕೋಣ. ಒಂದರ ಚೀಟಿಯಲ್ಲಿ 1,000 ಯೂನಿಟ್, ಇನ್ನೊಂದರಲ್ಲಿ 800 ಇದೆ, ಎರಡನೆಯದಕ್ಕೆ 8,000 ರೂಪಾಯಿ ಹೆಚ್ಚು ಎಂದು ಹಿಡಿಯಿರಿ. ಯೂನಿಟ್ಟಿಗೆ 10 ರೂಪಾಯಿಯಂತೆ ವರ್ಷಕ್ಕೆ 2,000 ಉಳಿತಾಯ. ನಾಲ್ಕು ವರ್ಷಕ್ಕೆ ಹಣ ಮರಳಿತು. ಆದರೆ ನೀವು ಹಚ್ಚುವುದು ಎರಡೇ ತಿಂಗಳು, ದಿನಕ್ಕೆ 8 ಗಂಟೆ ಇದ್ದರೆ ಒಟ್ಟು 480 ಗಂಟೆ. ಉಳಿತಾಯ 600 ರೂಪಾಯಿ. ಹಣ ಮರಳಲು 13 ವರ್ಷ ದಾಟುತ್ತದೆ! ಅಂಥವರಿಗೆ ಕಡಿಮೆ ನಕ್ಷತ್ರದ್ದೇ ಸಾಕು. ವರ್ಷವಿಡೀ ಹಚ್ಚುವ ಮನೆಗೆ ಐದು ನಕ್ಷತ್ರ ಲಾಭ. ಹಚ್ಚಿದಾಗ 24 ಡಿಗ್ರಿಗೆ ಇಡಿ, ಮೇಲೆ ಫ್ಯಾನು ಮೆಲ್ಲಗೆ ತಿರುಗಲಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆಂದು ಬ್ಯೂರೋ ಹೇಳುತ್ತದೆ.

ಒಂದೂವರೆ ಟನ್ನಿನ ಏರ್ ಕಂಡೀಷನರು ಪೂರ್ತಿ ನಡೆದಾಗ ಸುಮಾರು 1,500 ವಾಟ್ ಎಳೆದರೆ, ಸಾಮಾನ್ಯ ಕೂಲರಿಗೆ 200 ವಾಟ್ ಸಾಕು. ಕರೆಂಟು ಹೋದಾಗ ಮನೆಯ ಇನ್ವರ್ಟರಿನ ಮೇಲೆ ಕೂಲರು ತಕ್ಕಷ್ಟು ಹೊತ್ತು ನಡೆದೀತು. ಆದರೆ ಅದಕ್ಕೆ ದಿನವೂ ಕೊಡಗಟ್ಟಲೆ ನೀರು ಬೇಕು. ನಳ ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಆ ನೀರನ್ನೂ ಖರ್ಚಿಗೆ ಬರೆಯಬೇಕು.

ಇಷ್ಟಾದ ಮೇಲೆ ಕಂಪನಿಯ ಹೆಸರು ಕೇಳಿ. ಅದರ ಮೆಕ್ಯಾನಿಕ್ಕು ನಿಮ್ಮ ತಾಲೂಕಿನಲ್ಲೇ ಇದ್ದಾನೆಯೇ, ಸಾಮಾನು ಎಷ್ಟು ದಿನಕ್ಕೆ ಬರುತ್ತದೆ, ವಾರಂಟಿ ಕಂಪ್ರೆಸರಿಗೆ ಮಾತ್ರವೋ ಪೂರ್ತಿಗೋ, ಇದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಕೊನೆಯ ಮಾತು ಹಿರಿಯರಿಗೆ. ಬಿಲ್ಲಿನ ಅಂಜಿಕೆಗೆ ಮಧ್ಯಾಹ್ನ ಕೂಲರು ಆರಿಸಿ ಕೂಡಬೇಡಿ. 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನು ಮೈಗೆ ಬಿಸಿಯನ್ನೇ ತರುತ್ತದೆ. ಕೂಲರು ಇಲ್ಲದವರು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳಿ, ಮೇಲಿಂದ ಮೇಲೆ ನೀರು ಕುಡಿಯಿರಿ. ಓಣಿಯಲ್ಲಿ ಒಂಟಿ ಮುದುಕರಿದ್ದರೆ, ಉರಿಬಿಸಿಲಿನ ಹೊತ್ತಿಗೆ ಅವರನ್ನು ನಿಮ್ಮ ತಂಪಿನ ಕೋಣೆಗೆ ಕರೆಯಿರಿ. ಒಬ್ಬರು ಹೆಚ್ಚು ಕೂತರೆ ಮೀಟರು ಹೆಚ್ಚೇನೂ ಓಡುವುದಿಲ್ಲ.